ಮಕ್ಕಳಿಗೆ ಪೆಟ್ಟು ತಪ್ಪಬೇಕಾದರೆ ಮನೆಗೊಂದು ಆಸರೆ ಬೇಕು

ಮಂಗಳೂರಿನಿಂದ ಸುಳ್ಯ, ಮಡಿಕೇರಿ, ಕುಶಾಲನಗರ ದಾಟಿ ಮೈಸೂರಿಗೆ ಹೋಗುವ ಬಸ್ಸು ಪಿರಿಯಾಪಟ್ಟಣ, ಹುಣಸೂರಿನ ಹಾದಿ ಹಿಡಿಯುತ್ತದೆ. ಆಚೀಚೆ ಕಾಣುವುದು ತಂಬಾಕಿನ ಹೊಲ, ಅದರ ನಡುವೆ ಎತ್ತರದ ಬ್ಯಾರನ್ನುಗಳು. ಆ ಕಡೆಯ ಕೆ.ಆರ್. ನಗರ ಸೀಮೆಯಲ್ಲಿ ಕಾವೇರಿ ಧುಮ್ಮಿಕ್ಕುವ ಚುಂಚನಕಟ್ಟೆಯುಂಟು. ಸಂಕ್ರಾಂತಿ ಹೊತ್ತಿನ ಜಾನುವಾರು ಜಾತ್ರೆಗೂ ಸಕ್ಕರೆ ಕಾರ್ಖಾನೆಗೂ ಹೆಸರಾದ ಊರು. ಜಾತ್ರೆಯನ್ನೋ ಜಲಪಾತವನ್ನೋ ನೋಡಿ ಬಂದವರು ನಮ್ಮಲ್ಲಿ ಇರಬಹುದು. ಆದರೆ ಆ ಸೀಮೆಯ ಮನೆಗಳಲ್ಲಿ ಮಕ್ಕಳು ಹೇಗೆ ಬೆಳೆಯುತ್ತಾರೆ ಎಂದು ಯೋಚಿಸಿದವರು ಕಡಿಮೆ.

ತಂಬಾಕಿನ ಕೆಲಸ ಮನೆಮಂದಿಯನ್ನೆಲ್ಲಾ ಎಳೆದುಕೊಳ್ಳುವಂಥದ್ದು. ಮಳೆಗಾಲದಲ್ಲಿ ಎಲೆ ಬಲಿತ ಮೇಲೆ ಕೊಯ್ಯಬೇಕು, ಕಡ್ಡಿಗೆ ಕಟ್ಟಬೇಕು, ಬ್ಯಾರನ್ನಿಗೆ ಏರಿಸಬೇಕು. ಅಲ್ಲಿ ಐದಾರು ದಿನ ಹಗಲೂ ರಾತ್ರಿ ಬೆಂಕಿ ಕಾಯಬೇಕು. ಅಪ್ಪ ಬೆಂಕಿಯ ಮುಂದೆ, ಅಮ್ಮ ಸೊಪ್ಪಿನ ರಾಶಿಯ ಮುಂದೆ ಕೂತರೆ ಎರಡು ವರ್ಷದ ಮಗುವನ್ನು ನೋಡುವವರು ಯಾರು? ಹೆಚ್ಚಾಗಿ ಎಂಟೋ ಹತ್ತೋ ವರ್ಷದ ಅಕ್ಕ. ಅವಳ ಶಾಲೆ ತಪ್ಪುತ್ತದೆ, ಮಗುವಿನ ಊಟ ತಪ್ಪುತ್ತದೆ. ನಿದ್ದೆಗೆಟ್ಟು ಬಂದ ದೊಡ್ಡವರ ಕೈ ಸಣ್ಣ ತಪ್ಪಿಗೂ ಏಳುತ್ತದೆ. ಇಲ್ಲಿ ಯಾರೂ ಕೆಟ್ಟ ತಂದೆತಾಯಿಯಲ್ಲ. ಮನೆಗೆ ಒಂದು ಆಸರೆ ಇಲ್ಲ, ಅಷ್ಟೆ.

ಇದು ನಮಗೆ ಹೊಸತಾ? ನಮ್ಮ ಕಡೆ ಎಷ್ಟು ಮನೆಗಳಲ್ಲಿ ಉಮ್ಮಂದಿರು ಬೀಡಿ ಕಟ್ಟಿ ಮಕ್ಕಳನ್ನು ಸಾಕಿಲ್ಲ! ಆ ತಂಬಾಕು ಬೇರೆ, ಈ ತಂಬಾಕು ಬೇರೆ, ದಣಿವು ಒಂದೇ. ಬ್ರಾಂಚಿಗೆ ಬೀಡಿ ಕೊಡುವ ಹೊತ್ತಾಯಿತು, ಗಂಡ ಗಲ್ಫಿನಲ್ಲಿ, ಮಗು ರಚ್ಚೆ ಹಿಡಿದಿದೆ. ಆಗ ಬೀಳುವ ಪೆಟ್ಟಿಗೆ ‘ಎರಡು ಬಾರಿಸಿದರೆ ಸರಿಯಾಗ್ತಾನೆ’ ಎಂದು ನಾವು ಶಿಸ್ತಿನ ಹೆಸರು ಕೊಟ್ಟುಬಿಡುತ್ತೇವೆ. ಆ ಪೆಟ್ಟಿನಲ್ಲಿ ಮಗುವಿನ ತಪ್ಪಿಗಿಂತ ಆ ದಿನದ ಸಂಕಟವೇ ಹೆಚ್ಚಿರುತ್ತದೆ ಎಂಬುದು ಹೊಡೆದವರಿಗೂ ಗೊತ್ತುಂಟು.

ಮಕ್ಕಳ ಮೇಲಿನ ಹಿಂಸೆಯನ್ನು ತಡೆಯಲು ವಿಶ್ವ ಆರೋಗ್ಯ ಸಂಸ್ಥೆ ಇತರ ಸಂಸ್ಥೆಗಳೊಂದಿಗೆ ಸೇರಿ 2016ರಲ್ಲಿ ಏಳು ದಾರಿಗಳನ್ನು ಮುಂದಿಟ್ಟಿತು. ಕಾನೂನು ಅದರಲ್ಲಿ ಒಂದು. ಮಕ್ಕಳನ್ನು ಸಾಕುವವರಿಗೆ ಬೆಂಬಲ ಕೊಡುವುದು ಇನ್ನೊಂದು, ಮನೆಯ ಆದಾಯವನ್ನು ಗಟ್ಟಿ ಮಾಡುವುದು ಮತ್ತೊಂದು. ಅಂದರೆ ಮಗುವನ್ನು ಕಾಪಾಡುವ ಕೆಲಸ ಪೊಲೀಸ್ ಠಾಣೆಯಲ್ಲಿ ಶುರುವಾಗುವುದಲ್ಲ, ಅಡುಗೆಮನೆಯಲ್ಲಿ, ಅಂಗನವಾಡಿಯಲ್ಲಿ ಶುರುವಾಗಬೇಕು.

ಈ ಮಾತಿನಲ್ಲಿ ಮೈಸೂರು ಜಿಲ್ಲೆಗೆ ಹಳೆಯ ನಂಟುಂಟು. 1975ರ ಅಕ್ಟೋಬರ್ 2ರಂದು ದೇಶದಲ್ಲಿ ಅಂಗನವಾಡಿ ಯೋಜನೆ ಪ್ರಾರಂಭವಾದಾಗ ಕರ್ನಾಟಕದಲ್ಲಿ ಮೊದಲು ಆರಿಸಿಕೊಂಡದ್ದು ಇದೇ ಜಿಲ್ಲೆಯ ಟಿ. ನರಸೀಪುರವನ್ನು. ಅಂಗನವಾಡಿ ಎಂದರೆ ಮೊಟ್ಟೆ, ಹಿಟ್ಟು ಹಂಚುವ ಜಾಗ ಮಾತ್ರ ಎಂದು ತಿಳಿದವರು ಬಹಳ. ಆದರೆ ಟೀಚರ್ ಮನೆಮನೆಗೆ ಹೋಗುತ್ತಾರೆ, ಮಗುವಿನ ತೂಕ ನೋಡುತ್ತಾರೆ, ತಾಯಂದಿರ ಸಭೆ ಕರೆಯುತ್ತಾರೆ. ಮೈಮೇಲೆ ಬಾಸುಂಡೆ ಇರುವ ಮಗು, ಇದ್ದಕ್ಕಿದ್ದಂತೆ ತೂಕ ಇಳಿದ ಮಗು ಮೊದಲು ಕಣ್ಣಿಗೆ ಬೀಳುವುದು ಅವರಿಗೇ.

ಆದರೂ ಒಂದು ಕೊರತೆ ಉಳಿದಿತ್ತು. ಅಂಗನವಾಡಿಯಲ್ಲಿ ಕೂತು ಆಡಿ ಕಲಿಯುವವರು ಮೂರರಿಂದ ಆರು ವರ್ಷದವರು. ಅದಕ್ಕಿಂತ ಚಿಕ್ಕ ಕೂಸನ್ನು ಎಲ್ಲಿ ಬಿಡುವುದು? 2023ರ ಜುಲೈ ಬಜೆಟಿನಲ್ಲಿ ರಾಜ್ಯ ಸರಕಾರ 4,000 ಗ್ರಾಮ ಪಂಚಾಯತಿಗಳಲ್ಲಿ ‘ಕೂಸಿನ ಮನೆ’ ತೆರೆಯುವುದಾಗಿ ಹೇಳಿತು. ನರೇಗಾ ಕೆಲಸಕ್ಕೆ ಹೋಗುವ ತಾಯಂದಿರ ಪುಟ್ಟ ಮಕ್ಕಳಿಗೆ ಅಲ್ಲಿ ಊಟ, ಆಟ, ನಿದ್ದೆ. ತಂಬಾಕು, ಕಬ್ಬಿನ ಸೀಮೆಗೆ ಇದು ಎಷ್ಟು ಮುಖ್ಯ ಎಂದು ಬಿಡಿಸಿ ಹೇಳಬೇಕಾಗಿಲ್ಲ. ಕೂಸು ಸುರಕ್ಷಿತವಾಗಿದ್ದರೆ ಅಕ್ಕ ಶಾಲೆಯಲ್ಲಿರುತ್ತಾಳೆ. ಅದೇ ವರ್ಷ ಆಗಸ್ಟ್ 30ರಂದು ಮೈಸೂರಿನಲ್ಲೇ ಚಾಲನೆ ಪಡೆದ ಗೃಹಲಕ್ಷ್ಮಿಯ ತಿಂಗಳ 2,000 ರೂಪಾಯಿಯನ್ನೂ ಈ ಲೆಕ್ಕಕ್ಕೆ ಸೇರಿಸಬೇಕು. ತಾಯಿಯ ಕೈಯಲ್ಲಿ ಸ್ವಲ್ಪ ದುಡ್ಡಿದ್ದರೆ ಮನೆಯ ಬಿಗುವು ಅಷ್ಟರಮಟ್ಟಿಗೆ ಸಡಿಲವಾಗುತ್ತದೆ.

ಇನ್ನೊಂದು ಸಹಾಯ ನಮ್ಮಲ್ಲಿ ಅನೇಕರಿಗೆ ತಿಳಿದೇ ಇಲ್ಲ. ಗಂಡ ತೀರಿಹೋದ, ಬಿಟ್ಟುಹೋದ ಹೆಂಗಸು ಮಕ್ಕಳನ್ನು ಅನಾಥಾಲಯಕ್ಕೆ ಸೇರಿಸುವ ಮೊದಲು ಒಂದು ಮಾತು ಕೇಳಬೇಕು. ಕೇಂದ್ರದ ಮಿಷನ್ ವಾತ್ಸಲ್ಯ ಯೋಜನೆಯಡಿ ಪ್ರಾಯೋಜಕತ್ವ ಎಂಬ ನೆರವುಂಟು, ಮಗುವಿಗೆ ತಿಂಗಳಿಗೆ 4,000 ರೂಪಾಯಿ. ಹಳ್ಳಿಯ ಮನೆಯಾದರೆ ವರ್ಷದ ಆದಾಯ 72,000, ಬೇರೆ ಕಡೆ 96,000 ರೂಪಾಯಿ ಮೀರಬಾರದು. ಅರ್ಜಿ ಕೊಡಬೇಕಾದದ್ದು ಜಿಲ್ಲಾ ಮಕ್ಕಳ ರಕ್ಷಣಾ ಘಟಕಕ್ಕೆ. ಮಗು ಮನೆಯಲ್ಲೇ ಬೆಳೆಯಲಿ, ಸಂಸ್ಥೆಗೆ ಸೇರಿಸುವುದು ಕೊನೆಯ ದಾರಿಯಾಗಲಿ ಎಂಬುದೇ 2015ರ ಬಾಲನ್ಯಾಯ ಕಾಯ್ದೆಯ ಆಶಯ ಕೂಡಾ.

ಹಾಗೆಂದು ಕಾಯ್ದೆ ಮೆತ್ತಗಿಲ್ಲ. ಮಗುವಿನ ಹೊಣೆ ಹೊತ್ತವರೇ ಅದನ್ನು ಹೊಡೆದು ಹಿಂಸಿಸಿದರೆ, ಬೇಕೆಂದೇ ಕಡೆಗಣಿಸಿದರೆ 75ನೇ ಕಲಮಿನಡಿ ಮೂರು ವರ್ಷದವರೆಗೆ ಜೈಲು, ಒಂದು ಲಕ್ಷ ರೂಪಾಯಿ ದಂಡ ಅಥವಾ ಎರಡೂ ಆಗಬಹುದು. ಆದರೆ ಕೈಮೀರಿದ ಪರಿಸ್ಥಿತಿಯಲ್ಲಿ ಹೆತ್ತವರು ಮಗುವನ್ನು ಬಿಟ್ಟರೆ ಅದನ್ನು ಬೇಕೆಂದೇ ಮಾಡಿದ್ದೆಂದು ಎಣಿಸಬಾರದು ಎಂದೂ ಅದೇ ಕಲಮು ಹೇಳುತ್ತದೆ. ಕಷ್ಟಕ್ಕೂ ಕ್ರೌರ್ಯಕ್ಕೂ ಇರುವ ವ್ಯತ್ಯಾಸ ಕಾನೂನಿಗೆ ಗೊತ್ತುಂಟು. ನೆರೆಕರೆಯವರಾದ ನಮಗೂ ಗೊತ್ತಿರಬೇಕು.

ಹಿಂದೆ ತುಂಬಿದ ಮನೆಯಲ್ಲಿ ಉಮ್ಮನ ಕೈ ಎದ್ದರೆ ತಡೆಯಲು ಅಜ್ಜಿ ಇರುತ್ತಿದ್ದರು. ಈಗ ಪ್ಲ್ಯಾಟಿನ ಬಾಗಿಲು ಹಾಕಿದರೆ ಒಳಗಿನ ಅಳು ಹೊರಗೆ ಕೇಳುವುದಿಲ್ಲ. ಅಜ್ಜಿಯ ಜಾಗವನ್ನು ಯಾರಾದರೂ ತುಂಬಲೇಬೇಕು. ಪಕ್ಕದ ಮನೆಯ ಬಾಣಂತಿ ಸೋತು ಹೋದಂತೆ ಕಂಡರೆ ಮಗುವನ್ನು ಒಂದು ಗಂಟೆ ಎತ್ತಿಕೊಳ್ಳೋಣ. ಜಮಾಅತಿನ ಸಭೆಯಲ್ಲಿ ಮದುವೆ ಖರ್ಚಿನ ಜೊತೆಗೆ ಮಕ್ಕಳನ್ನು ಸಾಕುವ ಮಾತೂ ಬರಲಿ. ಅಂಗನವಾಡಿ ಟೀಚರನ್ನೋ ಆಶಾ ಕಾರ್ಯಕರ್ತೆಯನ್ನೋ ಒಂದು ದಿನ ಕರೆದು ಕೇಳೋಣ. ಪಂಚಾಯತಿಯಲ್ಲಿ ಮಕ್ಕಳ ಗ್ರಾಮಸಭೆ ನಡೆದಾಗ ನಮ್ಮ ಮಕ್ಕಳೂ ಹೋಗಿ ಮಾತಾಡಲಿ. ಮಗು ಅಪಾಯದಲ್ಲಿದೆ ಅನಿಸಿದರೆ ‘ನಮಗ್ಯಾಕೆ ಮಾರಾಯ್ರೆ’ ಎನ್ನದೆ 1098ಕ್ಕೆ ಫೋನ್ ಮಾಡೋಣ. ಅದಕ್ಕೆ ದುಡ್ಡಿಲ್ಲ, ರಾತ್ರಿಯಾದರೂ ಎತ್ತಿಕೊಳ್ಳುತ್ತಾರೆ. ಮಗುವನ್ನು ಹೇಗೆ ಸಂಭಾಳಿಸುವುದೆಂದು ತೋಚದ ತಾಯಿಯೂ ಅದೇ ನಂಬರಿಗೆ ಕರೆ ಮಾಡಬಹುದು. ಅದರಲ್ಲಿ ನಾಚಿಕೆ ಪಡುವಂಥದ್ದು ಏನೂ ಇಲ್ಲ.