ಸಿಲಿಂಡರ್ ಸಿಡಿದರೆ ವಿಮೆ ಉಂಟು, ಚೀಲ ಸಿಡಿದರೆ?



ವಿಮೆಯ ಪಾಲಿಸಿ ಕೈಗೆ ಬಂದಾಗ ಎಲ್ಲರೂ ಮೊದಲು ನೋಡುವುದು ಎರಡೇ ಸಂಗತಿ. ವಿಮೆಯ ಮೊತ್ತ ಎಷ್ಟು, ಕಟ್ಟಬೇಕಾದ ಕಂತು ಎಷ್ಟು? ಯಾವುದಕ್ಕೆ ಹಣ ಕೊಡುವುದಿಲ್ಲ ಎಂಬ ಪಟ್ಟಿ ಹಿಂದಿನ ಪುಟಗಳಲ್ಲಿ ಸಣ್ಣ ಅಕ್ಷರದಲ್ಲಿ ಇರುತ್ತದೆ. ಅದರಲ್ಲಿ ಯುದ್ಧ, ದಂಗೆಗಳ ಜೊತೆಗೆ ಭಯೋತ್ಪಾದನೆ ಎಂಬ ಮಾತೂ ಇರುತ್ತದೆ. ಇದು ನಮಗೆ ಸಂಬಂಧಪಟ್ಟದ್ದಲ್ಲ ಎಂದು ಪುಟ ತಿರುಗಿಸುವ ಕಾಲ ಹೋಗಿದೆ.

ನಾವು ಪುಣೆಯ ವಿಮಾನ ನಗರದಲ್ಲಿ ಹೋಟೆಲ್ ನಡೆಸುವವರು. ಇಲ್ಲಿಂದ ಹೆಚ್ಚು ದೂರವಿಲ್ಲದ ಕೋರೆಗಾಂವ್ ಪಾರ್ಕಿನ ಜರ್ಮನ್ ಬೇಕರಿಯಲ್ಲಿ 2010ರ ಫೆಬ್ರವರಿ 13ರ ಸಂಜೆ ಯಾರೋ ಬಿಟ್ಟುಹೋದ ಚೀಲ ಸಿಡಿಯಿತು. 17 ಜನ ತೀರಿಕೊಂಡರು, ಸುಮಾರು 60 ಮಂದಿ ಗಾಯಗೊಂಡರು. ಅದೇನೂ ಪಂಚತಾರಾ ಹೋಟೆಲಲ್ಲ. ಚಹಾ, ಬ್ರೆಡ್ಡು, ಕೇಕು ಮಾರುವ ಜಾಗ. ಹದಿನಾಲ್ಕು ವರ್ಷದ ನಂತರ, 2024ರ ಮಾರ್ಚ್ 1ರಂದು, ಬೆಂಗಳೂರಿನ ಬ್ರೂಕ್‌ಫೀಲ್ಡಿನ ರಾಮೇಶ್ವರಂ ಕೆಫೆಯಲ್ಲಿ ಮಧ್ಯಾಹ್ನದ ಊಟದ ಹೊತ್ತಿಗೆ ಅದೇ ಆಯಿತು. ಗಿರಾಕಿಯಂತೆ ಬಂದವನು ಕೌಂಟರಿನಲ್ಲಿ ರವೆ ಇಡ್ಲಿ ತೆಗೆದುಕೊಂಡ, ಚೀಲ ಬಿಟ್ಟು ಹೋದ. ಸುಮಾರು ಹತ್ತು ಮಂದಿಗೆ ಗಾಯವಾಯಿತು. ಇಡ್ಲಿ, ದೋಸೆ ಮಾರುವ ನಮ್ಮಂಥವರ ಅಂಗಳಕ್ಕೇ ಈ ವಿಷಯ ಬಂದಿದೆ ಎಂದಮೇಲೆ ಲೆಕ್ಕ ಹಾಕಲೇಬೇಕು.

ಬೆಂಗಳೂರಿನಲ್ಲಿ ಸದ್ದು ಕೇಳಿದ ಕೂಡಲೇ ಮೊದಲು ಬಂದ ಸಂಶಯ ಗ್ಯಾಸ್ ಸಿಲಿಂಡರಿನ ಮೇಲೆ. ಬಾಂಬ್ ಎಂದು ಖಚಿತವಾದದ್ದು ಆಮೇಲೆ. ಗಾಯಾಳುವಿನ ನೋವಿಗೆ ಈ ವ್ಯತ್ಯಾಸವಿಲ್ಲ. ಪಾಲಿಸಿಗೆ ಮಾತ್ರ ಆಕಾಶ ಭೂಮಿಯಷ್ಟು ವ್ಯತ್ಯಾಸವಿದೆ. ನಮ್ಮ ಅಜಾಗರೂಕತೆಯಿಂದ ಸಿಲಿಂಡರ್ ಸಿಡಿದು ಗಿರಾಕಿಗೆ ಪೆಟ್ಟಾದರೆ, ನಾವು ಕೊಡಬೇಕಾದ ಪರಿಹಾರವನ್ನು ಪಬ್ಲಿಕ್ ಲಯಬಿಲಿಟಿ ಪಾಲಿಸಿ ಅದರ ಮಿತಿಯೊಳಗೆ ಭರಿಸುತ್ತದೆ. ಅದೇ ಜಾಗದಲ್ಲಿ ಬಾಂಬ್ ಸಿಡಿದರೆ ಅದೇ ಪಾಲಿಸಿ ಸಾಮಾನ್ಯವಾಗಿ ಕೈ ಎತ್ತಿಬಿಡುತ್ತದೆ.

"ನಾವು ಟೆರರಿಸಂ ಕವರಿಗೆ ಬೇರೆ ಕಂತು ಕಟ್ಟಿದ್ದೇವಲ್ಲ" ಎನ್ನುವವರಿದ್ದಾರೆ. ಇಲ್ಲಿಯೇ ಎಚ್ಚರ ಬೇಕು. 2001ರ ಸೆಪ್ಟೆಂಬರ್ 11ರ ಅಮೆರಿಕದ ದಾಳಿಯ ನಂತರ ವಿದೇಶಿ ಮರುವಿಮೆ ಕಂಪನಿಗಳು ಈ ಅಪಾಯ ಹೊರಲು ಹಿಂದೆ ಸರಿದವು. ಆಗ, 2002ರಲ್ಲಿ, ನಮ್ಮ ದೇಶದ ವಿಮಾ ಕಂಪನಿಗಳು ಸೇರಿ ಟೆರರಿಸಂ ಪೂಲ್ ಎಂಬ ಸಾಮೂಹಿಕ ನಿಧಿ ಕಟ್ಟಿದವು. ಜನರಲ್ ಇನ್ಶೂರೆನ್ಸ್ ಕಾರ್ಪೊರೇಷನ್ ಅದನ್ನು ನೋಡಿಕೊಳ್ಳುತ್ತದೆ. ಬೆಂಕಿ ವಿಮೆಯ ಜೊತೆ ಬರುವ ಟೆರರಿಸಂ ಕವರು ಈ ನಿಧಿಯದ್ದು. ಅದು ಆಸ್ತಿಯ ವಿಮೆ. ಕಟ್ಟಡ, ಫ್ರಿಜ್ಜು, ಗ್ರೈಂಡರು, ಪೀಠೋಪಕರಣ ಹಾಳಾದರೆ ಕೊಡುತ್ತದೆ. ವ್ಯಾಪಾರ ನಿಂತ ನಷ್ಟಕ್ಕೂ ಸೇರಿಸಿ ತೆಗೆದುಕೊಂಡಿದ್ದರೆ ಅದಕ್ಕೂ ಕೊಡುತ್ತದೆ. ಮೇಜಿನ ಮುಂದೆ ಕುಳಿತಿದ್ದ ಗಿರಾಕಿ ಹೂಡುವ ಮೊಕದ್ದಮೆಗೆ ಅದರಿಂದ ಒಂದು ಪೈಸೆಯೂ ಬರುವುದಿಲ್ಲ.

ಇನ್ನು ದೊಡ್ಡ ಕೇಟರಿಂಗ್ ನಡೆಸುವವರು ಅಂಬ್ರೆಲಾ ಪಾಲಿಸಿ ಎಂದು ತೆಗೆದುಕೊಳ್ಳುತ್ತಾರೆ. ಹೆಸರೇ ಹೇಳುವಂತೆ ಅದು ಕೊಡೆ. ಕೆಳಗಿನ ಪಾಲಿಸಿಯ ಮಿತಿ ಒಂದು ಕೋಟಿ ಎಂದಿದ್ದು, ಪರಿಹಾರ ಮೂರು ಕೋಟಿ ಬಂದರೆ, ಮೇಲಿನ ಎರಡು ಕೋಟಿ ಈ ಕೊಡೆಯಿಂದ ಬರಬೇಕು. ಆದರೆ ಕೆಳಗಿನ ಪಾಲಿಸಿಯಲ್ಲಿ ಭಯೋತ್ಪಾದನೆ ಹೊರಗಿದ್ದರೆ ಕೊಡೆಯಲ್ಲೂ ಸಾಮಾನ್ಯವಾಗಿ ಹೊರಗೇ. ಕೊಡೆ ಎಷ್ಟು ಅಗಲವಾದರೇನು, ತೂತು ನಮ್ಮ ತಲೆಯ ಮೇಲೇ ಇದ್ದರೆ ನೆನೆಯುವುದು ತಪ್ಪದು.

ಷರತ್ತಿನ ಮಾತುಗಳನ್ನು ಇನ್ನೂ ಸ್ವಲ್ಪ ಗಮನಿಸಬೇಕು. ರಾಜಕೀಯ, ಧಾರ್ಮಿಕ ಅಥವಾ ಸೈದ್ಧಾಂತಿಕ ಉದ್ದೇಶದಿಂದ, ಜನರಲ್ಲಿ ಭಯ ಹುಟ್ಟಿಸಲು, ಒಬ್ಬನೇ ಆಗಲಿ ಗುಂಪಾಗಲಿ ಮಾಡಿದ ಕೃತ್ಯ ಎಂದು ವ್ಯಾಖ್ಯೆ ಇರುತ್ತದೆ. ಜೊತೆಗೆ ಬೇರೆ ಕಾರಣ ಸೇರಿದ್ದರೂ ಹಣವಿಲ್ಲ ಎಂದಿರುತ್ತದೆ. ಅಂದರೆ ಹಿಂಬಾಗಿಲಿಗೆ ಖಾಲಿ ಕ್ರೇಟು ಒಟ್ಟಿದ್ದರಿಂದ ಜನ ಹೊರಗೆ ಓಡಲಾಗದೆ ಗಾಯಗೊಂಡರೂ ಕಂಪನಿ ಬಾಂಬಿನ ಕಡೆಗೇ ಬೆರಳು ತೋರಿಸಬಹುದು. ಹಲವು ಪಾಲಿಸಿಗಳಲ್ಲಿ ಮತ್ತೊಂದು ಸಾಲಿದೆ. ಇದು ಭಯೋತ್ಪಾದನೆ ಎಂದು ಕಂಪನಿ ಹೇಳಿದರೆ, ಅಲ್ಲ ಎಂದು ಸಾಬೀತು ಮಾಡುವ ಹೊರೆ ಪಾಲಿಸಿದಾರನದ್ದು. ಜರ್ಮನ್ ಬೇಕರಿ ಪ್ರಕರಣದಲ್ಲಿ 2013ರಲ್ಲಿ ಸೆಷನ್ಸ್ ಕೋರ್ಟ್ ಕೊಟ್ಟ ಮರಣದಂಡನೆಯನ್ನು 2016ರಲ್ಲಿ ಬಾಂಬೆ ಹೈಕೋರ್ಟ್ ರದ್ದುಪಡಿಸಿತು. ಪೊಲೀಸರು, ಸರ್ಕಾರಿ ವಕೀಲರು ಇದ್ದೂ ಇಷ್ಟು ವರ್ಷ ಹಿಡಿಯುವಾಗ, ಗಲ್ಲಾದಲ್ಲಿ ಕೂರುವ ನಾವು ಏನನ್ನು ಸಾಬೀತು ಮಾಡುವುದು?

ಬಾಂಬ್ ಇಟ್ಟವನು ಬೇರೆ, ನಮ್ಮ ಮೇಲೆ ಹೊಣೆ ಹೇಗೆ ಬರುತ್ತದೆ ಎಂದು ಕೇಳಬಹುದು. ಬಾಂಬ್ ಸಿಡಿದ ಮಾತ್ರಕ್ಕೆ ಮಾಲೀಕ ಹೊಣೆಗಾರನಲ್ಲ ನಿಜ. ಆದರೆ ಭದ್ರತೆಯಲ್ಲಿ ಅಜಾಗರೂಕತೆ ಇತ್ತು ಎಂದು ಮೊಕದ್ದಮೆ ಹೂಡಲು ಅಡ್ಡಿಯಿಲ್ಲ. 2008ರ ನವೆಂಬರ್ 26ರ ಮುಂಬೈ ದಾಳಿಯಲ್ಲಿ ತಾಜ್ ಹೋಟೆಲಿನಲ್ಲಿ ಗಾಯಗೊಂಡ ಬ್ರಿಟಿಷ್ ಅತಿಥಿಯೊಬ್ಬರು ಹೋಟೆಲ್ ಕಂಪನಿಯ ಮೇಲೆ ಲಂಡನ್ನಿನಲ್ಲಿ ದಾವೆ ಹೂಡಿದರು. ಅದು ಅಲ್ಲಿಯೇ ನಡೆಯಬಹುದು ಎಂದು 2013ರಲ್ಲಿ ಅಲ್ಲಿನ ಹೈಕೋರ್ಟ್ ಹೇಳಿತು. ಗೆಲುವು ಸೋಲು ಕಡೆಯ ಮಾತು, ವಕೀಲರ ಖರ್ಚು ಮೊದಲ ದಿನದಿಂದಲೇ ಶುರು.

ನಮ್ಮ ವಿಮಾನ ನಗರದಂಥ ಕಡೆ ಇನ್ನೊಂದು ತೊಡಕಿದೆ. ಮಾಲಿನ ಮಳಿಗೆ, ಐಟಿ ಕಚೇರಿಯ ಕ್ಯಾಂಟೀನು ಹಿಡಿದರೆ, ಆ ಜಾಗದಲ್ಲಿ ಆಗುವ ಎಲ್ಲ ಹಾನಿಯನ್ನೂ ನಾವೇ ತುಂಬಿಕೊಡುತ್ತೇವೆ ಎಂದು ಕರಾರಿನಲ್ಲಿ ಬರೆಸಿಕೊಳ್ಳುವವರುಂಟು. ಕರಾರಿನಲ್ಲಿ ಒಪ್ಪಿದ್ದು 'ಎಲ್ಲ ಹಾನಿ', ಪಾಲಿಸಿ ಕೊಡುವುದು 'ಭಯೋತ್ಪಾದನೆ ಬಿಟ್ಟು'. ನಡುವಿನ ಅಂತರ ನಮ್ಮ ಮನೆಮಠದ ಮೇಲೆ ಬೀಳುತ್ತದೆ.

ಆದ್ದರಿಂದ ಮುಂದಿನ ನವೀಕರಣಕ್ಕೆ ಮೊದಲು ಏಜೆಂಟರನ್ನು ಈ ಪ್ರಶ್ನೆ ಕೇಳಿ. ಉತ್ತರವನ್ನು ಬಾಯಿಮಾತಿನಲ್ಲಿ ಬಿಡದೆ ಬರಹದಲ್ಲೇ ಪಡೆಯಿರಿ.

1. ಬೆಂಕಿ ವಿಮೆಯಲ್ಲಿ ಟೆರರಿಸಂ ಕವರು ಸೇರಿದೆಯೇ? ವ್ಯಾಪಾರ ನಿಂತ ನಷ್ಟಕ್ಕೂ ಇದೆಯೇ?

2. ಪಬ್ಲಿಕ್ ಲಯಬಿಲಿಟಿಯಲ್ಲಿ ಭಯೋತ್ಪಾದನೆ ಹೊರಗಿದೆಯೇ? ಇದ್ದರೆ, ಟೆರರಿಸಂ ಲಯಬಿಲಿಟಿ ಎಂಬ ಪ್ರತ್ಯೇಕ ಪಾಲಿಸಿಗೆ ಕಂತು ಎಷ್ಟು?

3. ಅಂಬ್ರೆಲಾ ಇದ್ದರೆ, ಕೆಳಗಿನ ಪಾಲಿಸಿಯಲ್ಲಿ ಹೊರಗಿಟ್ಟದ್ದು ಅದರಲ್ಲಿಯೂ ಹೊರಗೇ?

4. ಇಎಸ್‌ಐ ವ್ಯಾಪ್ತಿಗೆ ಬಾರದ ಭಟ್ಟರು, ಸಪ್ಲೈಯರ್, ಕ್ಲೀನರ್‌ಗಳಿಗೆ ತೆಗೆದ ನೌಕರರ ಪರಿಹಾರ ಪಾಲಿಸಿಯಲ್ಲಿ ಇದೇ ಷರತ್ತು ಇದೆಯೇ? ಕಾನೂನಿನಡಿ ಕೆಲಸದ ವೇಳೆ ಕೆಲಸದಿಂದಾದ ಅಪಘಾತಕ್ಕೆ ನಮ್ಮ ತಪ್ಪಿಲ್ಲದಿದ್ದರೂ ಪರಿಹಾರ ಕೊಡಬೇಕಾಗುತ್ತದೆ.

ಸಣ್ಣ ಹೋಟೆಲಿಗೆ ಪ್ರತ್ಯೇಕ ಪಾಲಿಸಿಯ ಕಂತು ಭಾರವಾಗಬಹುದು. ಅದಕ್ಕೇ ಸಂಘವಿರುವುದು. ಒಬ್ಬೊಬ್ಬರೇ ಕೇಳಿದರೆ ದರ ಒಂದು, ನೂರು ಸದಸ್ಯರು ಒಟ್ಟಾಗಿ ಕೇಳಿದರೆ ಮಾತುಕತೆಗೆ ಅವಕಾಶ ಉಂಟು. ಪದಾಧಿಕಾರಿಗಳು ಮುಂದಿನ ಸಭೆಗೆ ಒಬ್ಬ ವಿಮಾ ತಜ್ಞರನ್ನು ಕರೆಸಿ, ಗುಂಪು ಪಾಲಿಸಿಯ ವಿಚಾರವನ್ನು ಕಾರ್ಯಸೂಚಿಗೆ ಸೇರಿಸಬೇಕೆಂದು ನಮ್ಮ ವಿನಂತಿ.

ಅಲ್ಲಿಯವರೆಗೆ ಕೈಯಲ್ಲಿರುವುದನ್ನು ಮಾಡೋಣ. ಕ್ಯಾಮೆರಾ ಕೆಟ್ಟಿದ್ದರೆ ಇಂದೇ ಸರಿಮಾಡಿಸಿ. ರಾಮೇಶ್ವರಂ ಕೆಫೆ ಪ್ರಕರಣದ ತನಿಖೆಗೆ ಕ್ಯಾಮೆರಾ ದೃಶ್ಯಗಳೇ ದೊಡ್ಡ ಆಸರೆಯಾದವು. ಹಿಂಬಾಗಿಲ ದಾರಿ ಖಾಲಿ ಇರಲಿ. ಯಾರದೆಂದು ಗೊತ್ತಿಲ್ಲದ ಚೀಲ ಕಂಡರೆ ಮುಟ್ಟದೆ, ಜನರನ್ನು ದೂರ ಕಳಿಸಿ, 112ಕ್ಕೆ ಫೋನ್ ಮಾಡುವಂತೆ ಹುಡುಗರಿಗೆ ಹೇಳಿಕೊಡಿ. ಇದಕ್ಕೆ ಕಂತು ಕಟ್ಟಬೇಕಿಲ್ಲ. ನಾಳೆ ಕೋರ್ಟಿನಲ್ಲಿ ಅಜಾಗರೂಕತೆಯ ಮಾತು ಬಂದರೆ ನಮ್ಮ ಪರವಾಗಿ ನಿಲ್ಲುವ ಸಾಕ್ಷಿಯೂ ಇದೇ.