ಊರೇ ಪಾಠಶಾಲೆ, ಬಳಗವೇ ಬಲ

‘ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು’ ಎಂಬ ಗಾದೆ ಮನೆ ಕಟ್ಟಿಸುವವರ ಪಾಡಿನಿಂದ ಹುಟ್ಟಿದ್ದು. ಮನೆ ಕಟ್ಟುವ ವಿದ್ಯೆಯನ್ನೇ ಐದು ವರ್ಷ ಓದುವ ವಿದ್ಯಾರ್ಥಿಗೆ ಮಾತ್ರ ಈ ಪಾಡಿನ ಪರಿಚಯವಾಗುವುದು ಅಪರೂಪ. ಆತ ಅಭ್ಯಾಸಕ್ಕೆಂದು ಬರೆಯುವ ವಸ್ತುಸಂಗ್ರಹಾಲಯ, ವಿಮಾನ ನಿಲ್ದಾಣ, ಬೆಟ್ಟದ ಮೇಲಿನ ವಿಶ್ರಾಂತಿಧಾಮಗಳಿಗೆ ಹಣ ಹೂಡುವ ಯಜಮಾನನಿಲ್ಲ. ‘ಮಳೆ ಬಂದರೆ ಸೋರುತ್ತದೆ, ಬಂದು ನೋಡಿ’ ಎಂದು ಬಾಗಿಲು ತಟ್ಟುವವರೂ ಇಲ್ಲ. ಪರೀಕ್ಷಕರು ಅಂಕ ಕೊಟ್ಟರೆಂದರೆ ಆ ಕಟ್ಟಡದ ಆಯುಷ್ಯ ಮುಗಿಯಿತು.

ವಾಸ್ತುಶಿಲ್ಪವನ್ನು ಕಲಿಸಲು ಇನ್ನೊಂದು ಹಾದಿಯೂ ಇದೆ. ವಿದ್ಯಾರ್ಥಿಗಳು ಒಂದು ಕೇರಿಗೋ ಹಳ್ಳಿಗೋ ಹೋಗುತ್ತಾರೆ. ಅಲ್ಲಿಯವರ ಮಾತು ಕೇಳುತ್ತಾರೆ, ಅವರೊಡನೆ ಕುಳಿತು ನಕ್ಷೆ ಬರೆಯುತ್ತಾರೆ, ಕೊನೆಗೆ ಕೈಯಲ್ಲಿ ಕರಣೆ ಹಿಡಿದು ಕಟ್ಟುತ್ತಾರೆ. ಸಮುದಾಯ ವಿನ್ಯಾಸ ಎಂದು ಕರೆಯಲಾಗುವ ಈ ಪದ್ಧತಿಗೆ ಅಮೆರಿಕದಲ್ಲಿ ಅರವತ್ತು ವರ್ಷಗಳ ಚರಿತ್ರೆಯಿದೆ. ಆ ಚರಿತ್ರೆ ಹೇಳುವ ಪಾಠ ಒಂದೇ: ಒಳ್ಳೆಯ ಮನಸ್ಸು ಮನೆಯನ್ನು ಕಟ್ಟಬಲ್ಲದು, ಆದರೆ ಆ ಮನೆಯನ್ನೂ ಅದನ್ನು ಕಟ್ಟಲು ಕಲಿತವನನ್ನೂ ಕಾಯುವುದಕ್ಕೆ ಒಂದು ಬಳಗ ಬೇಕು.

ಹಾರ್ಲೆಮ್‌ನ ಕೇರಿಗಳಿಂದ

1960ರ ದಶಕದ ಅಮೆರಿಕದ ನಗರಗಳಲ್ಲಿ ‘ನವೀಕರಣ’ದ ಭರಾಟೆ. ಹೆದ್ದಾರಿಗಳಿಗಾಗಿ, ಹೊಸ ಬಡಾವಣೆಗಳಿಗಾಗಿ ಬಡವರ, ಅದರಲ್ಲೂ ಕಪ್ಪು ಜನರ ಕೇರಿಗಳು ನೆಲಸಮವಾಗುತ್ತಿದ್ದವು. ಸರ್ಕಾರದ ಪರವಾಗಿ ನಕ್ಷೆ ಬರೆಯಲು ಆರ್ಕಿಟೆಕ್ಟ್‌ಗಳಿದ್ದರು. ಮನೆ ಕಳೆದುಕೊಳ್ಳುವವರ ಪರವಾಗಿ ಬರೆಯಲು ಯಾರೂ ಇರಲಿಲ್ಲ. ಫೀಸು ಕೊಡಲಾಗದವರಿಗೆ ವಕೀಲರ ನೆರವು ಸಿಗುವಂತೆ ಆರ್ಕಿಟೆಕ್ಟ್‌ನ ನೆರವು ಏಕೆ ಸಿಗಬಾರದು ಎಂಬ ಪ್ರಶ್ನೆ ಹುಟ್ಟಿದ್ದು ಆಗ.

1963ರಲ್ಲಿ ನ್ಯೂಯಾರ್ಕಿನ ಬ್ರೂಕ್ಲಿನ್‌ನಲ್ಲಿರುವ ಪ್ರ್ಯಾಟ್ ಇನ್‌ಸ್ಟಿಟ್ಯೂಟ್ ಇಂಥ ಕೆಲಸಕ್ಕಾಗಿಯೇ ಒಂದು ಕೇಂದ್ರವನ್ನು ತೆರೆಯಿತು. ಮರುವರ್ಷ ಹಾರ್ಲೆಮ್‌ನಲ್ಲಿ ಆರ್ಕಿಟೆಕ್ಟ್ಸ್ ರಿನ್ಯೂಯಲ್ ಕಮಿಟಿ ಹುಟ್ಟಿಕೊಂಡಿತು. ಕಪ್ಪು ಸಮುದಾಯದಿಂದಲೇ ಬಂದ ಮ್ಯಾಕ್ಸ್ ಬಾಂಡ್ ಮುಂದೆ ಅದರ ನೇತೃತ್ವ ವಹಿಸಿದರು. ನಗರಸಭೆಯ ಯೋಜನೆಗೆ ಎದುರಾಗಿ ನಿವಾಸಿಗಳು ತಮ್ಮದೇ ಯೋಜನೆ ಮಂಡಿಸಲು ಈ ಸಮಿತಿ ನೆರವಾಯಿತು.

1968ರ ಜೂನ್‌ನಲ್ಲಿ ಪೋರ್ಟ್‌ಲ್ಯಾಂಡ್‌ನಲ್ಲಿ ಅಮೆರಿಕದ ಆರ್ಕಿಟೆಕ್ಟ್‌ಗಳ ಸಂಸ್ಥೆಯ ಸಮಾವೇಶ ನಡೆಯಿತು. ನ್ಯಾಷನಲ್ ಅರ್ಬನ್ ಲೀಗ್‌ನ ಮುಖ್ಯಸ್ಥ ವಿಟ್ನಿ ಯಂಗ್ ಅತಿಥಿಯಾಗಿ ಬಂದು, ಸಭಿಕರಿಗೆ ಮುಖಸ್ತುತಿ ಮಾಡುವ ಬದಲು ಛೀಮಾರಿಯನ್ನೇ ಹಾಕಿದರು. ನಾಗರಿಕ ಹಕ್ಕುಗಳ ಹೋರಾಟಕ್ಕೆ ಈ ವೃತ್ತಿಯ ಕಾಣಿಕೆ ಏನೂ ಇಲ್ಲ, ಅದು ತೋರಿದ್ದು ಬರೀ ಮೌನ ಎಂಬುದು ಅವರ ಮಾತಿನ ಸಾರ. ಛೀಮಾರಿ ಹಾಕಿಸಿಕೊಂಡ ಸಂಸ್ಥೆಯೇ ಮುಂದೆ ಅವರ ಹೆಸರಿನಲ್ಲಿ ಒಂದು ಪ್ರಶಸ್ತಿಯನ್ನು ಸ್ಥಾಪಿಸಿತು.

ಕಾಲೇಜುಗಳೂ ಎಚ್ಚೆತ್ತವು. ಯೇಲ್ ವಿಶ್ವವಿದ್ಯಾಲಯದಲ್ಲಿ ಚಾರ್ಲ್ಸ್ ಮೂರ್ 1967ರಲ್ಲಿ ಮೊದಲ ವರ್ಷದ ವಿದ್ಯಾರ್ಥಿಗಳನ್ನು ಕೆಂಟಕಿಯ ನ್ಯೂ ಜಯಾನ್ ಎಂಬ ಬಡ ಊರಿಗೆ ಕರೆದೊಯ್ದು ಸಮುದಾಯ ಭವನವೊಂದನ್ನು ಕಟ್ಟಿಸಿದರು. ಆಗ ಶುರುವಾದ ಪರಿಪಾಠ ಅಲ್ಲಿ ಬೇರೂರಿತು.

ಆದರೆ ಒಂದೊಂದು ಕೇಂದ್ರವೂ ಒಂಟಿಯಾಗಿತ್ತು. ಒಂದೂರಿನಲ್ಲಿ ಕಲಿತ ಪಾಠ ಇನ್ನೊಂದೂರಿಗೆ ತಲುಪುತ್ತಿರಲಿಲ್ಲ. ಈ ಕೊರತೆ ನೀಗಲೆಂದು 1977ರಲ್ಲಿ ಅಸೋಸಿಯೇಷನ್ ಫಾರ್ ಕಮ್ಯುನಿಟಿ ಡಿಸೈನ್ ಎಂಬ ಒಕ್ಕೂಟ ರೂಪುಗೊಂಡಿತು. 1980ರ ದಶಕದಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಅನುದಾನಕ್ಕೆ ಕತ್ತರಿ ಹಾಕಿದಾಗ ಹಲವು ಕೇಂದ್ರಗಳು ಮುಚ್ಚಿದವು. ಉಳಿದುಕೊಂಡವು ಮುಂದಿನ ಪೀಳಿಗೆಗೆ ದಾರಿ ತೋರಿದವು.

ಅಲಬಾಮಾದ ಹಳ್ಳಿಯಲ್ಲಿ

ಆ ಪೀಳಿಗೆಯ ಅತ್ಯಂತ ಪ್ರಸಿದ್ಧ ಪ್ರಯೋಗ ರೂರಲ್ ಸ್ಟುಡಿಯೋ. ಅಲಬಾಮಾ ರಾಜ್ಯದ ಆಬರ್ನ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕರಾಗಿದ್ದ ಸ್ಯಾಮ್ಯುಯೆಲ್ ಮಾಕ್‌ಬೀ ಮತ್ತು ಡಿ. ಕೆ. ರೂತ್ 1993ರಲ್ಲಿ ಇದನ್ನು ಆರಂಭಿಸಿದರು. ಕಾಲೇಜಿನಿಂದ ಇನ್ನೂರಕ್ಕೂ ಹೆಚ್ಚು ಕಿಲೋಮೀಟರ್ ದೂರದ ಹೇಲ್ ಕೌಂಟಿ ಅವರ ತರಗತಿಯಾಯಿತು. 1936ರಲ್ಲಿ ವಾಕರ್ ಇವಾನ್ಸ್ ಬಡ ಗೇಣಿದಾರರ ಚಿತ್ರಗಳನ್ನು ತೆಗೆದದ್ದು ಇದೇ ಸೀಮೆಯಲ್ಲಿ. ಆರು ದಶಕ ಕಳೆದರೂ ಇಲ್ಲಿ ಬಡತನ ಬಿಟ್ಟುಹೋಗಿರಲಿಲ್ಲ.

ವಿದ್ಯಾರ್ಥಿಗಳು ಅಲ್ಲೇ ವಾಸಿಸಬೇಕು, ಅಲ್ಲಿಯ ಕುಟುಂಬಗಳನ್ನು ಅರಿಯಬೇಕು, ಆಮೇಲೆ ಕಟ್ಟಬೇಕು. 1994ರಲ್ಲಿ ಮುಗಿದ ಮೊದಲ ಮನೆಯ ಗೋಡೆಗೆ ಬಳಸಿದ್ದು ಬಿಗಿದು ಕಟ್ಟಿದ ಒಣಹುಲ್ಲಿನ ಕಟ್ಟುಗಳನ್ನು, ಮೇಲೆ ಸಿಮೆಂಟಿನ ಗಿಲಾವು. ಮರುವರ್ಷ ಹಳೆಯ ಟೈರುಗಳಿಗೆ ಮಣ್ಣು ತುಂಬಿ ಪ್ರಾರ್ಥನಾ ಮಂದಿರವೊಂದನ್ನು ಕಟ್ಟಿದರು. 2000ದಲ್ಲಿ ಗುಜರಿಗೆ ಬಿದ್ದ ಕಾರುಗಳ ಮುಂಗಾಜುಗಳೇ ಸಮುದಾಯ ಭವನವೊಂದರ ಛಾವಣಿಯಾದವು. ಜಗತ್ತಿನ ಪತ್ರಿಕೆಗಳು ಬೆರಗಾಗಿ ಚಿತ್ರ ಪ್ರಕಟಿಸಿದವು. ಮಾಕ್‌ಬೀ 2001ರ ಡಿಸೆಂಬರ್‌ನಲ್ಲಿ ತೀರಿಕೊಂಡರು. ಅಮೆರಿಕದ ಆರ್ಕಿಟೆಕ್ಟ್‌ಗಳ ಸಂಸ್ಥೆಯ ಚಿನ್ನದ ಪದಕ 2004ರಲ್ಲಿ ಅವರಿಗೆ ಮರಣೋತ್ತರವಾಗಿ ಸಂದಿತು.

ಅಲ್ಲಿಂದ ಮುಂದಿನದು ಅಷ್ಟೇ ಮುಖ್ಯವಾದ ಅಧ್ಯಾಯ. ಒಂದು ವರ್ಷಕ್ಕೆ ಒಂದು ವಿಶೇಷ ಮನೆ ಕಟ್ಟಿದರೆ ಒಂದು ಕುಟುಂಬಕ್ಕೆ ಸೂರು ಸಿಕ್ಕೀತು, ಉಳಿದವರ ಗತಿಯೇನು? ಆಂಡ್ರೂ ಫ್ರಿಯರ್ ಅವರ ನಿರ್ದೇಶನದಲ್ಲಿ ಸ್ಟುಡಿಯೋ 2005ರಲ್ಲಿ ಇಪ್ಪತ್ತು ಸಾವಿರ ಡಾಲರಿನ ಮನೆಯ ಯೋಜನೆಗೆ ಕೈಹಾಕಿತು. ಸರ್ಕಾರದ ಪಿಂಚಣಿಯನ್ನೇ ನಂಬಿ ಬದುಕುವವರು ಎಷ್ಟು ಸಾಲ ತೀರಿಸಬಲ್ಲರು ಎಂದು ಲೆಕ್ಕ ಹಾಕಿ ಹಿಡಿದ ಮೊತ್ತ ಅದು. ಪ್ರತಿ ವರ್ಷದ ತಂಡವೂ ಹಿಂದಿನ ತಂಡದ ಮನೆಯನ್ನು ಪರೀಕ್ಷಿಸಿ, ತಪ್ಪು ತಿದ್ದಿ, ಮುಂದಿನ ಮಾದರಿಯನ್ನು ಸುಧಾರಿಸಿತು. ಬೆರಗು ಕಡಿಮೆಯಾಯಿತು, ಬಾಳಿಕೆ ಹೆಚ್ಚಾಯಿತು.

ಆಗ ಎದುರಾದ ತೊಡಕುಗಳು ಇಟ್ಟಿಗೆ, ಗಾರೆಗೆ ಸೇರಿದವಲ್ಲ. ಇಷ್ಟು ಸಣ್ಣ ಮೊತ್ತದ ಗೃಹಸಾಲ ಕೊಡಲು ಬ್ಯಾಂಕುಗಳಿಗೆ ಉತ್ಸಾಹವಿರಲಿಲ್ಲ. ವಿಮೆಯ ಕಂತು, ತಿಂಗಳ ವಿದ್ಯುತ್ ಬಿಲ್ಲು, ವರ್ಷದ ರಿಪೇರಿ ಸೇರಿದರೆ ಅಗ್ಗದ ಮನೆಯೂ ಹೊರೆಯಾಗಬಹುದು. ಇದನ್ನೆಲ್ಲ ನಕ್ಷೆ ಬರೆಯುವವನೊಬ್ಬನೇ ಬಗೆಹರಿಸಲಾರ. ಹಾಗಾಗಿ ಸ್ಟುಡಿಯೋ ‘ಫ್ರಂಟ್ ಪೋರ್ಚ್’ ಎಂಬ ಯೋಜನೆಯ ಮೂಲಕ ಬೇರೆ ಬೇರೆ ಊರುಗಳ ವಸತಿ ಸಂಸ್ಥೆಗಳ ಜತೆ ಕೈಜೋಡಿಸಿತು. ನಕ್ಷೆ ಮತ್ತು ತಾಂತ್ರಿಕ ಸಲಹೆ ಇವರದು. ಕಟ್ಟುವುದು, ಸಾಲ ಕೊಡಿಸುವುದು, ಆಮೇಲೂ ಜತೆಗಿರುವುದು ಸ್ಥಳೀಯ ಸಂಸ್ಥೆಯದು.

ಬಳಗ ಎಂದರೆ ಯಾರು?

ವೃತ್ತಿಪರರ ಬಳಗ ಎಂದರೆ ವಿಳಾಸದ ಪಟ್ಟಿಯಲ್ಲ. ಸಮುದಾಯ ವಿನ್ಯಾಸದಲ್ಲಿ ಅದಕ್ಕೆ ಕನಿಷ್ಠ ನಾಲ್ಕು ಕಂಬಗಳು ಬೇಕು. ವಿದ್ಯಾರ್ಥಿಗಳ ಕೆಲಸಕ್ಕೆ ಹೊಣೆ ಹೊರುವ ಅನುಭವಿ ಆರ್ಕಿಟೆಕ್ಟ್ ಮತ್ತು ಎಂಜಿನಿಯರ್. ಸೆಮಿಸ್ಟರ್ ಮುಗಿದ ಮೇಲೂ ಊರಲ್ಲೇ ಉಳಿಯುವ ಸ್ಥಳೀಯ ಸಂಸ್ಥೆ. ಹಣ ಮತ್ತು ಕಾನೂನು ಬಲ್ಲವರು. ಓದು ಮುಗಿಸಿದವನಿಗೆ ಸಂಬಳದ ಕೆಲಸ ಕೊಡುವವರು. ಈ ನಾಲ್ಕರಲ್ಲಿ ಒಂದು ಕುಸಿದರೂ ಮನೆಗೆ ಅಪಾಯ.

ನಾಲ್ಕನೆಯ ಕಂಬವೇ ಹೆತ್ತವರಿಗೆ ಮುಖ್ಯ. ‘ಸೇವೆ ಸರಿ, ಹೊಟ್ಟೆಪಾಡು?’ ಎಂಬ ಅವರ ಪ್ರಶ್ನೆಯಲ್ಲಿ ತಪ್ಪಿಲ್ಲ. ಕಾಲೇಜಿನಲ್ಲಿ ಹುಟ್ಟಿದ ಉತ್ಸಾಹ ಕೆಲಸವಿಲ್ಲದೆ ಎಷ್ಟು ದಿನ ಬಾಳೀತು? ಇದಕ್ಕೆ ಒಂದು ಉತ್ತರವಾಗಿ 2000ದಲ್ಲಿ ಅಮೆರಿಕದಲ್ಲಿ ರೋಸ್ ಫೆಲೋಶಿಪ್ ಬಂದಿತು. ಯುವ ಆರ್ಕಿಟೆಕ್ಟ್‌ಗಳನ್ನು, ಸಂಬಳ ಕೊಟ್ಟು, ಬಡವರ ವಸತಿಗಾಗಿ ದುಡಿಯುವ ಸ್ಥಳೀಯ ಸಂಸ್ಥೆಗಳಲ್ಲಿ ಇರಿಸುವ ಏರ್ಪಾಡು ಅದು. ಅದೇ ವರ್ಷ ಬ್ರಯಾನ್ ಬೆಲ್ ಅವರ ಡಿಸೈನ್ ಕೋರ್ ಸಂಸ್ಥೆ, ಈ ಹಾದಿ ಹಿಡಿದವರು ಒಂದೆಡೆ ಕೂಡಲು ಸಮ್ಮೇಳನಗಳನ್ನು ಆರಂಭಿಸಿತು. 2005ರಲ್ಲಿ ‘ಸೀಡ್’ ಎಂಬ ಜಾಲ ಹುಟ್ಟಿತು. ತೀರ್ಮಾನ ಮಾಡುವಾಗ ಊರವರು ಇದ್ದರೆ? ಗುರಿ ಯಾವುದೆಂದು ಹೇಳಿದವರು ಯಾರು? ಕೊನೆಗೆ ಏನು ಬದಲಾಯಿತೆಂದು ಅಳೆದು ನೋಡಿದಿರಾ? ಸೀಡ್ ಪ್ರತಿ ಯೋಜನೆಗೂ ಹಾಕುವ ಒರೆಗಲ್ಲು ಇಂಥ ಪ್ರಶ್ನೆಗಳದು.

ಎಡವಿದ ಉದಾಹರಣೆಯೂ ಇದೆ. 1999ರಲ್ಲಿ ಆರಂಭವಾದ ಆರ್ಕಿಟೆಕ್ಚರ್ ಫಾರ್ ಹ್ಯುಮ್ಯಾನಿಟಿ ಹಲವು ದೇಶಗಳಲ್ಲಿ ಶಾಖೆ ತೆರೆದು, ನೈಸರ್ಗಿಕ ವಿಕೋಪಗಳ ನಂತರ ಮನೆ, ಶಾಲೆಗಳನ್ನು ಕಟ್ಟಿ ಹೆಸರಾಗಿತ್ತು. 2015ರಲ್ಲಿ ಹಣದ ಮುಗ್ಗಟ್ಟಿನಿಂದ ಅದರ ಕೇಂದ್ರ ಕಚೇರಿ ಮುಚ್ಚಿತು. ಸ್ಥಳೀಯ ಶಾಖೆಗಳ ಸ್ವಯಂಸೇವಕರು ಸುಮ್ಮನಾಗಲಿಲ್ಲ. 2016ರಲ್ಲಿ ಹೊಸ ಹೆಸರಿನಲ್ಲಿ ಮತ್ತೆ ಒಗ್ಗೂಡಿದರು. ಎಲ್ಲ ಹಗ್ಗಗಳನ್ನೂ ಒಂದೇ ಗೂಟಕ್ಕೆ ಬಿಗಿದರೆ ಗೂಟ ಕಿತ್ತ ದಿನ ಎಲ್ಲವೂ ಸಡಿಲ. ಬಳಗ ಉಳಿಯುವುದು ಊರೂರಲ್ಲಿ ಬೇರು ಬಿಟ್ಟಾಗ.

ನಮ್ಮಲ್ಲಿರುವ ಎಳೆಗಳು

ಅಮೆರಿಕದ ಕಥೆ ನಮಗೆ ತೀರ ಹೊಸತೇನಲ್ಲ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಅಮೂಲ್ಯ ರೆಡ್ಡಿ ಅವರ ನೇತೃತ್ವದಲ್ಲಿ ‘ಅಸ್ತ್ರ’ ಎಂಬ ವಿಭಾಗ ಶುರುವಾಯಿತು. ಹಳ್ಳಿಗಳಿಗೆ ಹೊಂದುವ ತಂತ್ರಜ್ಞಾನ ಅದರ ಗುರಿ. ಕೆ. ಎಸ್. ಜಗದೀಶ್ ಮತ್ತು ಸಂಗಡಿಗರು ಮಣ್ಣಿಗೆ ಸ್ವಲ್ಪ ಸಿಮೆಂಟ್ ಬೆರೆಸಿ, ಯಂತ್ರದಲ್ಲಿ ಒತ್ತಿ ತೆಗೆದ, ಸುಡಬೇಕಿಲ್ಲದ ಇಟ್ಟಿಗೆಯನ್ನು ಬಳಕೆಗೆ ತಂದರು. ಅದು ಪ್ರಯೋಗಾಲಯದಿಂದ ಹೊರಬಂದದ್ದು ಮೇಸ್ತ್ರಿಗಳ ಕೈಗೆ ಆ ವಿದ್ಯೆ ದಾಟಿದ್ದರಿಂದ.

ಕೇರಳದಲ್ಲಿ ಲಾರಿ ಬೇಕರ್ ಅವರ ಕಟ್ಟುವ ರೀತಿಯನ್ನು ಹರಡಲು 1985ರಲ್ಲಿ ಕಾಸ್ಟ್‌ಫೋರ್ಡ್ ಸ್ಥಾಪನೆಯಾಯಿತು. ಮುಂದೆ ಕರ್ನಾಟಕದ ಜಿಲ್ಲೆಗಳಿಗೂ ಬಂದ ನಿರ್ಮಿತಿ ಕೇಂದ್ರಗಳ ಕಲ್ಪನೆ ಮೊಳೆತದ್ದು ಅದೇ ಸುಮಾರಿಗೆ, ಕೇರಳದ ಕೊಲ್ಲಂನಲ್ಲಿ. 2001ರ ಜನವರಿ 26ರ ಭೂಕಂಪದ ಬಳಿಕ ಗುಜರಾತಿನ ಭುಜ್‌ನಲ್ಲಿ ಹುಟ್ಟಿದ ಹುನ್ನರ್‌ಶಾಲಾ ಕುಶಲಕರ್ಮಿಗಳನ್ನೇ ಗುರುಗಳ ಸ್ಥಾನದಲ್ಲಿ ಕೂರಿಸಿತು. ವಾಸ್ತುಶಿಲ್ಪ ವಿದ್ಯಾರ್ಥಿಗಳ ರಾಷ್ಟ್ರೀಯ ಸಂಘವಾದ ‘ನಾಸಾ’ದ ಸ್ಪರ್ಧೆಗಳಲ್ಲಿ ಲಾರಿ ಬೇಕರ್ ಹೆಸರಿನ ಟ್ರೋಫಿಯೂ ಒಂದು. ಎಳೆಗಳಿವೆ, ಕಾಲೇಜಿನ ಪಾಠದೊಡನೆ ಅವುಗಳನ್ನು ಹೊಸೆದು ಹಗ್ಗ ಮಾಡುವ ಕೆಲಸ ಬಾಕಿ ಇದೆ.

ಸೇರುವ ಮುನ್ನ ಕೇಳಿ

ನಮ್ಮ ದೇಶದಲ್ಲಿ 1972ರ ಆರ್ಕಿಟೆಕ್ಟ್ಸ್ ಕಾಯ್ದೆಯ ಪ್ರಕಾರ ಕೌನ್ಸಿಲ್ ಆಫ್ ಆರ್ಕಿಟೆಕ್ಚರ್‌ನಲ್ಲಿ ನೋಂದಾಯಿಸಿಕೊಂಡವರು ಮಾತ್ರ ಆರ್ಕಿಟೆಕ್ಟ್ ಎಂದು ಕರೆದುಕೊಳ್ಳಬಹುದು. ಐದು ವರ್ಷದ ಪದವಿಯಲ್ಲಿ ಪ್ರಾಯೋಗಿಕ ತರಬೇತಿಗೂ ಅವಕಾಶವಿದೆ. ಈ ತರಬೇತಿಯನ್ನು ದೊಡ್ಡ ನಗರದ ಕಚೇರಿಯಲ್ಲೇ ಕಳೆಯಬೇಕೆಂದಿಲ್ಲ. ಮೇಲೆ ಹೇಳಿದ ಬಗೆಯ ಸಂಸ್ಥೆಗಳಲ್ಲಿ ಕಲಿಯಬಹುದೇ ಎಂದು ಮೊದಲೇ ಕಾಲೇಜಿನಲ್ಲಿ ವಿಚಾರಿಸುವುದು ಒಳಿತು.

ಕಾಲೇಜು ನೋಡಲು ಹೋದಾಗ ಹಾಸ್ಟೆಲ್, ಗ್ರಂಥಾಲಯಗಳ ಜತೆಗೆ ಇನ್ನೂ ಕೆಲವನ್ನು ವಿದ್ಯಾರ್ಥಿಗಳೂ ಹೆತ್ತವರೂ ಕೇಳಬೇಕು. ವಿದ್ಯಾರ್ಥಿಗಳು ಬರೆದದ್ದರಲ್ಲಿ ಏನಾದರೂ ನಿಜವಾಗಿ ಕಟ್ಟಲ್ಪಟ್ಟಿದೆಯೇ? ಪ್ರತಿ ವರ್ಷ ಅದೇ ಊರಿಗೆ ಮರಳಿ ಹೋಗುತ್ತಾರೆಯೇ, ಇಲ್ಲ ವರ್ಷಕ್ಕೊಂದು ಊರಿನಲ್ಲಿ ಫೋಟೋ ತೆಗೆಸಿಕೊಂಡು ಬರುತ್ತಾರೆಯೇ? ಕಲಿಸಿದ ಮೇಸ್ತ್ರಿಗೆ ಸಂಭಾವನೆ ಕೊಡುತ್ತಾರೆಯೇ? ಗೋಡೆ ಬಿರುಕು ಬಿಟ್ಟರೆ ಹೊಣೆ ಯಾರದು? ಈ ಹಾದಿಯಲ್ಲಿ ಹೋದ ಹಳೆಯ ವಿದ್ಯಾರ್ಥಿಗಳು ಈಗ ಎಲ್ಲಿ ದುಡಿಯುತ್ತಿದ್ದಾರೆ?

ಈ ಹಾದಿಯಲ್ಲಿ ಬೇಗ ಹಣ ಮಾಡಬಹುದೆಂದು ಯಾರೂ ಮಾತು ಕೊಡಲಾರರು. ಆದರೆ ಅಂದಾಜುಪಟ್ಟಿ ಹಾಕುವುದು, ಕೆಲಸಗಾರರೊಡನೆ ಮಾತಾಡುವುದು, ಸರ್ಕಾರಿ ಕಚೇರಿಯ ಕಡತ ಮುಂದೆ ಸಾಗಿಸುವುದು, ಎಲ್ಲಕ್ಕಿಂತ ಮಿಗಿಲಾಗಿ, ಮನೆಯಾಕೆ ಒಲೆ ಎಲ್ಲಿರಬೇಕು ಎಂದಾಗ ತಾಳ್ಮೆಯಿಂದ ಕೇಳುವುದು ಯಾವ ಕಚೇರಿಗೆ ಹೋದರೂ ಉಪಯೋಗಕ್ಕೆ ಬರುವ ವಿದ್ಯೆಗಳು.

ರೂರಲ್ ಸ್ಟುಡಿಯೋ ಮೂರು ದಶಕಗಳ ನಂತರವೂ ಹೇಲ್ ಕೌಂಟಿಯನ್ನು ಬಿಟ್ಟು ಹೋಗಿಲ್ಲ. ಅದು ನೆಲೆ ನಿಂತಿರುವ ನ್ಯೂಬರ್ನ್, ಇನ್ನೂರು ಜನರೂ ಇಲ್ಲದ ಊರು. ಅಲ್ಲಿಯ ಅಗ್ನಿಶಾಮಕ ಠಾಣೆಯನ್ನೂ ಪುರಭವನವನ್ನೂ ಕಟ್ಟಿದವರು ವಿದ್ಯಾರ್ಥಿಗಳೇ. ಅವರು ವರ್ಷ ವರ್ಷ ಬಂದು ಹೋಗುತ್ತಾರೆ, ಸ್ಟುಡಿಯೋ ಅಲ್ಲೇ ಇರುತ್ತದೆ. ಸೂರು ಸೋರಿದರೆ ಯಾರ ಬಾಗಿಲು ತಟ್ಟಬೇಕೆಂದು ಆ ಊರಿನವರಿಗೆ ಗೊತ್ತು.