ಬಾಸ್ ಹೊಡೆದಾಗ ಹೆಡ್‌ಲೈಟ್ ಮಂಕಾಗುವುದೇಕೆ?

ಮಾಮೂ ತಮ್ಮ ಹಳೆಯ ಕಾರಿಗೆ 1000 ವಾಟ್‌ನ ಆಂಪ್ಲಿಫೈಯರ್ ಹಾಕಿಸಿದರು. ಮರವಂತೆಯ ಹೆದ್ದಾರಿ, ಒಂದು ಬದಿ ಕಡಲು, ಇನ್ನೊಂದು ಬದಿ ಸೌಪರ್ಣಿಕಾ. ರಾತ್ರಿ ಪ್ರತಿ ಬಾಸ್‌ಗೂ ಹೆಡ್‌ಲೈಟ್ ಮಂಕಾಗುತ್ತಿತ್ತು. ಅಮ್ಮಿ ಹೆದರಿ ಹಾಡನ್ನೇ ನಿಲ್ಲಿಸಿದರು.

ನಾನು ಕಾಮರ್ಸ್ ವಿದ್ಯಾರ್ಥಿ, ಲೆಕ್ಕ ಹಾಕಿದೆ. ಶೇ. 80ರ ದಕ್ಷತೆಯೆಂದರೆ 1000 ವಾಟ್ ಕೊಡಲು 1250 ವಾಟ್ ಬೇಕು. 14 ವೋಲ್ಟ್‌ನಿಂದ ಭಾಗಿಸಿದರೆ ಸುಮಾರು 90 ಆಂಪಿಯರ್! ಎಷ್ಟೋ ಚಿಕ್ಕ ಕಾರುಗಳ ಆಲ್ಟರ್ನೇಟರ್ ಒಟ್ಟು ಕೊಡುವುದೇ ಅಷ್ಟು, ಇಲ್ಲವೇ ಅದಕ್ಕಿಂತ ಕಡಿಮೆ. ಆಲ್ಟರ್ನೇಟರ್ ಎಂದರೆ ಸಂಬಳ, ಬ್ಯಾಟರಿ ಉಳಿತಾಯ ಖಾತೆ. ಎರಡನೇ ಬ್ಯಾಟರಿ ಇಟ್ಟರೆ ಇನ್ನೊಂದು ಖಾತೆ ತೆರೆದಂತೆ, ಸಂಬಳ ಹೆಚ್ಚುವುದಿಲ್ಲ. ಕೆಪಾಸಿಟರ್ ಅಂತೂ ಜೇಬಿನ ಚಿಲ್ಲರೆ.

ಮೊದಲು ಮೂರು ತಂತಿ ಬದಲಿಸಬೇಕು: ಆಲ್ಟರ್ನೇಟರಿನಿಂದ ಬ್ಯಾಟರಿಗೆ, ಬ್ಯಾಟರಿಯ ನೆಗೆಟಿವ್‌ನಿಂದ ಬಾಡಿಗೆ, ಇಂಜಿನ್ನಿನಿಂದ ಬಾಡಿಗೆ. ದಪ್ಪ ತಾಮ್ರದ್ದೇ ಆಗಬೇಕು. ತಾಮ್ರ ಲೇಪಿಸಿದ ಅಲ್ಯೂಮಿನಿಯಂ ತಂತಿ ಅಗ್ಗ, ಆದರೆ ಅದೇ ದಪ್ಪಕ್ಕೆ ಅಷ್ಟು ಕರೆಂಟ್ ತಾಳುವುದಿಲ್ಲ. ನಮ್ಮ ಕಾರಿನ ಅರ್ತ್ ಬೋಲ್ಟ್ ಉಪ್ಪುಗಾಳಿಗೆ ತುಕ್ಕು ಹಿಡಿದಿತ್ತು. ಹೊಳೆಯುವವರೆಗೆ ಉಜ್ಜಿ, ಬಿಗಿಮಾಡಿ, ಮೇಲೆ ಗ್ರೀಸ್ ಹಚ್ಚಿದೆವು.

ಆಂಪ್ಲಿಫೈಯರ್ ತಂತಿಯ ಫ್ಯೂಸ್ ಬ್ಯಾಟರಿಯಿಂದ ಒಂದೂವರೆ ಅಡಿಯೊಳಗೇ ಇರಬೇಕು. ಫ್ಯೂಸಿಗಿಂತ ಮೊದಲೇ ತಂತಿ ಸುಲಿದು ಬಾಡಿಗೆ ತಾಗಿದರೆ ಬೆಂಕಿ ಹತ್ತೀತು. ಮಾಮೂ ಕಾರಿನಲ್ಲಿ ಅದು ಹಿಂದೆ ಡಿಕ್ಕಿಯಲ್ಲಿತ್ತು!

ಈಗ ಮಂಕಾಗುವುದು ಕಡಿಮೆಯಾಗಿದೆ. ಪೂರ್ತಿ ಹೋಗಲು ದೊಡ್ಡ ಆಲ್ಟರ್ನೇಟರ್ ಬೇಕು. ಅದರ ಬೆಲೆ ಕೇಳಿದ ಮಾಮೂ ಸದ್ಯ ವಾಲ್ಯೂಮ್ ತಗ್ಗಿಸಿದ್ದಾರೆ.